ಪ್ಯಾರಾಮೋಟರ್ ಕೈಕೊಟ್ಟರೆ ಎಲ್ಲಿಂದ ಹುಡುಕಬೇಕು? ಕಾಸರಗೋಡು ಕರಾವಳಿಯ ಹವ್ಯಾಸಿಗಳಿಗೊಂದು ಕೈಪಿಡಿ

ಕಾಸರಗೋಡಿನ ತೋಟದ ಮನೆಗಳಿಗೆ ಟೂ-ಸ್ಟ್ರೋಕ್ ಎಂಜಿನ್ ಹೊಸದಲ್ಲ. ಮದ್ದು ಬಿಡುವ ಸ್ಪ್ರೇಯರ್, ಹುಲ್ಲು ತೆಗೆಯುವ ವೀಡ್ ಕಟ್ಟರ್, ಮರ ಕೊಯ್ಯುವ ಮೆಷಿನ್, ಎಲ್ಲವೂ ಅದೇ ಜಾತಿ. ಬೆನ್ನಿಗೆ ಎಂಜಿನ್, ಪ್ರೊಪೆಲ್ಲರ್ ಕಟ್ಟಿಕೊಂಡು ಬಟ್ಟೆಯ ರೆಕ್ಕೆಯಲ್ಲಿ ಹಾರುವ ಪ್ಯಾರಾಮೋಟರಿನ ಎಂಜಿನ್ ಕೂಡ ಅದೇ. ಹಾಗಾಗಿ ಬದಿಯಡ್ಕದಲ್ಲೋ ಪೆರ್ಲದಲ್ಲೋ ಹುಟ್ಟಿ ಬೆಳೆದವನಿಗೆ ಪ್ಲಗ್ ಬಿಚ್ಚುವುದು, ಆಯಿಲ್ ಬೆರೆಸುವುದು ಯಾರೂ ಹೇಳಿಕೊಡಬೇಕಾಗಿಲ್ಲ.

ತೊಂದರೆ ಇರುವುದು ಇನ್ನೊಂದು ಅಭ್ಯಾಸದಲ್ಲಿ. ವೀಡ್ ಕಟ್ಟರ್ ಕೆಮ್ಮಿದರೆ ನಾವು ಎರಡು ಸಲ ಜೋರಾಗಿ ಥ್ರಾಟಲ್ ಕೊಡುತ್ತೇವೆ, ಅದು ಸರಿಯಾಗುತ್ತದೆ, ಕೆಲಸ ಮುಂದುವರಿಯುತ್ತದೆ. ಯಾಕೆ ಕೆಮ್ಮಿತು ಅಂತ ಯಾರೂ ಕೇಳುವುದಿಲ್ಲ. ಪ್ಯಾರಾಮೋಟರಿನಲ್ಲಿ ಆ ಪ್ರಶ್ನೆ ಬಿಡುವಂತಿಲ್ಲ. ಕಾರಣ ಗೊತ್ತಾಗದೆ ತಾನಾಗಿಯೇ ಸರಿಹೋದ ಎಂಜಿನ್ ಅಂದರೆ ಇನ್ನೂ ಕೆಟ್ಟೇ ಇರುವ ಎಂಜಿನ್. ಈ ಕೈಪಿಡಿಯಲ್ಲಿ ಹೇಳುವುದೆಲ್ಲ ಆ ಲೆಕ್ಕದಲ್ಲೇ.

ಇನ್ನೊಂದು ಮಾತು. ನಮ್ಮ ಕಡೆ ಬರುವ ದೋಷಗಳಲ್ಲಿ ಎಂಜಿನ್ನಿನ ತಪ್ಪು ಕಡಿಮೆ. ಉಪ್ಪುಗಾಳಿ, ತೇವ, ಮರಳು ಮತ್ತು ಈಗಿನ ಪೆಟ್ರೋಲ್, ಈ ನಾಲ್ಕೇ ಹೆಚ್ಚಿನ ಕಾಟ ಕೊಡುವುದು. ಆದ್ದರಿಂದ ಟ್ಯಾಂಕಿನಿಂದ ಶುರು ಮಾಡಿ ಕಾರ್ಬೊರೇಟರ್ ಕಡೆಗೆ ಹೋಗಿ. ಸಿಲಿಂಡರ್ ಬಿಚ್ಚುವ ಯೋಚನೆ ಕೊನೆಗೆ.

ಕೈ ಹಾಕುವ ಮೊದಲು

ಈ ಹವ್ಯಾಸದಲ್ಲಿ ಪ್ರೊಪೆಲ್ಲರಿಗೆ ಕೈ, ಬೆರಳು ಸಿಕ್ಕಿಸಿಕೊಳ್ಳುವವರು ಹೆಚ್ಚಾಗಿ ನೆಲದ ಮೇಲೆಯೇ ಸಿಕ್ಕಿಸಿಕೊಳ್ಳುತ್ತಾರೆ. ಅದೂ ಸ್ಟಾರ್ಟ್ ಮಾಡುವಾಗ, ರಿಪೇರಿ ಮಾಡುವಾಗ. 1.25 ಮೀಟರ್ ಉದ್ದದ ಪ್ರೊಪೆಲ್ಲರ್ ನಿಮಿಷಕ್ಕೆ 2,800 ಸುತ್ತು ತಿರುಗಿದರೆ ಅದರ ತುದಿ ಗಂಟೆಗೆ ಸುಮಾರು 660 ಕಿ.ಮೀ. ವೇಗದಲ್ಲಿರುತ್ತದೆ. ದೊಡ್ಡ ಎಂಜಿನ್ ಪೂರ್ತಿ ಥ್ರಾಟಲಿನಲ್ಲಿ 60-70 ಕೆ.ಜಿ. ಬಲದಲ್ಲಿ ತಳ್ಳುತ್ತದೆ. ಒಂದು ಕೈಯಲ್ಲಿ ಫ್ರೇಮ್ ಹಿಡಿದು ಇನ್ನೊಂದು ಕೈಯಲ್ಲಿ ಸ್ಟಾರ್ಟರಿನ ಹಗ್ಗ ಎಳೆಯುವವನಿಂದ ಅದನ್ನು ತಡೆಯುವುದಕ್ಕೆ ಆಗುವುದಿಲ್ಲ. ಪ್ರೊಪೆಲ್ಲರ್ ಸುತ್ತ ಕೇಜಿನ ಬಲೆ ಇದೆಯಲ್ಲ ಅನ್ನಬೇಡಿ. ಒತ್ತಿದರೆ ಬಲೆ ಬಗ್ಗುತ್ತದೆ, ಬೆರಳು ಆಚೆ ಹೋಗುತ್ತದೆ.

ಹಾಗಾಗಿ ಯಾವ ತಪಾಸಣೆಯೇ ಇರಲಿ, ಮೊದಲು ಪ್ಲಗ್ಗಿನ ಕ್ಯಾಪ್ ತೆಗೆಯಿರಿ. ಅದನ್ನು ಸುಮ್ನೆ ನೇತಾಡಲು ಬಿಡಬೇಡಿ. ಒಂದು ಹಳೆಯ ಪ್ಲಗ್ ಸಿಕ್ಕಿಸಿ, ಆ ಪ್ಲಗ್ಗಿನ ಲೋಹದ ಭಾಗ ಎಂಜಿನ್ನಿನ ಲೋಹಕ್ಕೆ ತಾಗುವ ಹಾಗೆ ಇಡಿ. ಇಲ್ಲದಿದ್ದರೆ ಹಗ್ಗ ಎಳೆದಾಗ ಕರೆಂಟ್ ಹೋಗಲು ದಾರಿ ಸಿಗದೆ ಇಗ್ನಿಷನ್ ಕಾಯಿಲ್ ಹಾಳಾಗಬಹುದು.

ಎಂಜಿನ್ ಓಡಿಸಿಯೇ ನೋಡಬೇಕಾದಾಗ ಗಟ್ಟಿ ಮರಕ್ಕೆ ಕಟ್ಟಿ. ಪ್ರೊಪೆಲ್ಲರ್ ಹಿಂದೆ ಇರುವುದರಿಂದ ಎಂಜಿನ್ ಮುಂದಕ್ಕೆ ತಳ್ಳುತ್ತದೆ. ಆದ್ದರಿಂದ ಹಾರುವವನು ಕೂರುವ ಹಾರ್ನೆಸ್ ಇರುವ ಬದಿ ಮರಕ್ಕೆ ಒರಗಿರಬೇಕು. ಮೇಲೆ, ಕೆಳಗೆ ಎರಡೂ ಕಡೆ ಬಿಗಿಯಬೇಕು. ತೆಂಗಿನ ಮರವಾದರೆ ಮೊದಲು ಒಮ್ಮೆ ತಲೆ ಎತ್ತಿ ನೋಡಿ. ತಮಾಷೆಗೆ ಹೇಳಿದ್ದಲ್ಲ, ಆ ನಡುಕಕ್ಕೆ ಒಣ ಮಡಲು ಬೀಳುತ್ತದೆ. ಪ್ರೊಪೆಲ್ಲರಿನ ಎಡಬಲಕ್ಕೆ, ಅಂದರೆ ಅದು ಮುರಿದರೆ ಚೂರು ಹಾರುವ ಸಾಲಿನಲ್ಲಿ, ಯಾರೂ ನಿಲ್ಲಬಾರದು. ಮಕ್ಕಳನ್ನು, ನಾಯಿಯನ್ನು ಒಳಗೆ ಕಳಿಸಿ.

ಪ್ರೊಪೆಲ್ಲರ್ ಬಿಚ್ಚಿ ಓಡಿಸಿದರೆ ಅಪಾಯ ಇಲ್ಲವಲ್ಲ ಅಂತ ಕೆಲವರಿಗೆ ಅನಿಸುತ್ತದೆ. ಬೇಡ. ಹೊರೆ ಇಲ್ಲದ ಎಂಜಿನ್ ಕ್ಷಣದಲ್ಲಿ ಮಿತಿ ಮೀರಿ ತಿರುಗಿ ಹಾಳಾಗುತ್ತದೆ.

ಎಳೆದು ಎಳೆದು ಸಾಕಾಯಿತು, ಸ್ಟಾರ್ಟೇ ಆಗುವುದಿಲ್ಲ

ಖರ್ಚಿಲ್ಲದ್ದನ್ನು ಮೊದಲು ನೋಡಿ. ಸ್ವಿಚ್ ಇದ್ದರೆ ಆನ್ ಇದೆಯಾ? ಟ್ಯಾಂಕಿನ ಗಾಳಿ ತೂತು ತೆರೆದಿದೆಯಾ? ಪ್ರೈಮರ್ ಬಲ್ಬ್ ಒತ್ತಿದಾಗ ಪೈಪಿನಲ್ಲಿ ಪೆಟ್ರೋಲ್ ಮೇಲೆ ಬರುವುದು ಕಾಣುತ್ತಿದೆಯಾ?

ಆಮೇಲೆ ಪ್ಲಗ್ ಬಿಚ್ಚಿ. ಅರ್ಧ ಉತ್ತರ ಅಲ್ಲೇ ಇದೆ.

ಪ್ಲಗ್ ಒಣಗಿದ್ದರೆ ಪೆಟ್ರೋಲ್ ಸಿಲಿಂಡರ್ ತನಕ ಬಂದಿಲ್ಲ. ಪೈಪ್, ಫಿಲ್ಟರ್, ಕಾರ್ಬೊರೇಟರ್ ಕಡೆಗೆ ಹೋಗಿ. ಪ್ಲಗ್ ಒದ್ದೆಯಾಗಿ ಪೆಟ್ರೋಲ್ ವಾಸನೆ ಬಂದರೆ ಒಂದೋ ಪೆಟ್ರೋಲ್ ಜಾಸ್ತಿಯಾಗಿದೆ, ಇಲ್ಲವೇ ಕಿಡಿ ಬರುತ್ತಿಲ್ಲ.

ಜಾಸ್ತಿಯಾಗಿದ್ದರೆ ಪರಿಹಾರ ಸುಲಭ. ಪ್ಲಗ್ ಹೊರಗಿಟ್ಟು, ಕ್ಯಾಪನ್ನು ಮೊದಲು ಹೇಳಿದ ಹಾಗೆ ಅರ್ಥ್ ಮಾಡಿ, ಪ್ಲಗ್ ತೂತಿನಿಂದ ದೂರವಿಟ್ಟು, ಥ್ರಾಟಲ್ ಪೂರ್ತಿ ತೆರೆದು ಕೆಲವು ಸಲ ಹಗ್ಗ ಎಳೆಯಿರಿ. ಒಳಗಿನ ಪೆಟ್ರೋಲ್ ಆವಿಯಾಗಿ ತೂತಿನಿಂದ ಹೊರಗೆ ಬರುತ್ತದೆ. ಅದರ ಹತ್ತಿರ ಕಿಡಿ ಹಾರಿದರೆ ಬೆಂಕಿ. ಇದು ಮುಗಿದ ಮೇಲೆ ಥ್ರಾಟಲ್ ಪೂರ್ತಿ ಹಿಂದೆ ಬಂದಿದೆಯೇ ಅಂತ ಕಾರ್ಬೊರೇಟರಿನ ಹತ್ತಿರವೇ ಕಣ್ಣಿಟ್ಟು ನೋಡಿ, ಕೈಯಲ್ಲಿರುವ ಲಿವರ್ ನಂಬಬೇಡಿ. ಉಪ್ಪು ತಿಂದ ಕೇಬಲ್ ಒಳಗೇ ಸಿಕ್ಕಿಕೊಂಡಿರುತ್ತದೆ. ಥ್ರಾಟಲ್ ತೆರೆದ ಸ್ಥಿತಿಯಲ್ಲಿ ಸ್ಟಾರ್ಟ್ ಆಗುವುದೇ ಈ ಯಂತ್ರದ ಅತಿ ಕೆಟ್ಟ ಅಪಘಾತಕ್ಕೆ ದಾರಿ.

ಕಿಡಿ ನೋಡಲು ಪ್ಲಗ್ಗನ್ನು ಸಿಲಿಂಡರಿನ ರೆಕ್ಕೆಗೆ ತಾಗಿಸಿ ನೆರಳಿನಲ್ಲಿ ಹಗ್ಗ ಎಳೆಯಿರಿ. ನೀಲಿ ಕಿಡಿ ಬರಬೇಕು. ಬರದಿದ್ದರೆ ಹೊಸ ಪ್ಲಗ್ ಹಾಕಿ, ಅದು ಅಗ್ಗದ ಪ್ರಯೋಗ. ಪ್ಲಗ್ಗಿನ ತುದಿಯಲ್ಲಿ ಕಿಡಿ ಹಾರುವ ಅಂತರ ಹೆಚ್ಚಿನ ಎಂಜಿನ್‌ಗಳಿಗೆ 0.5ರಿಂದ 0.7 ಮಿ.ಮೀ. ಇರುತ್ತದೆ, ನಿಮ್ಮ ಎಂಜಿನ್ ಜೊತೆ ಬಂದ ಪುಸ್ತಕದಲ್ಲಿ ಎಷ್ಟಿದೆಯೋ ಅಷ್ಟೇ ಇಡಿ. ಆಮೇಲೆ ಕ್ಯಾಪಿನ ಒಳಗೆ ಟಾರ್ಚ್ ಹಾಕಿ. ಬೀಚಿನಲ್ಲಿ ಹಾರುವವರ ಕ್ಯಾಪಿನೊಳಗೆ ಹಸಿರು ಹಿಡಿದಿರುವುದು ಮಾಮೂಲು. ಕೊನೆಗೆ ಎಂಜಿನ್ ನಿಲ್ಲಿಸುವ ಕಿಲ್ ಸ್ವಿಚ್ಚಿನ ವೈರ್ ಕಳಚಿ ಇನ್ನೊಮ್ಮೆ ಕಿಡಿ ನೋಡಿ. ಈಗ ಬಂದರೆ ಸ್ವಿಚ್ಚೋ ವೈರೋ ಎಲ್ಲೋ ಲೋಹಕ್ಕೆ ತಾಗುತ್ತಿದೆ. ಆ ವೈರ್ ಕಳಚಿ ಇಟ್ಟೇ ಹಾರುವ ಬುದ್ಧಿವಂತಿಕೆ ಬೇಡ, ಆಗ ಸ್ವಿಚ್ ಒತ್ತಿದರೂ ಎಂಜಿನ್ ನಿಲ್ಲುವುದಿಲ್ಲ. ಇಷ್ಟೆಲ್ಲ ಮಾಡಿಯೂ ಕಿಡಿ ಇಲ್ಲದಿದ್ದರೆ ಕಾಯಿಲ್ ಕೆಲಸ. ಗ್ಯಾರೇಜಿಗೆ ಒಯ್ಯಿರಿ.

ಸ್ಟಾರ್ಟ್ ಆಗುತ್ತದೆ, ಸ್ವಲ್ಪ ಹೊತ್ತಿನಲ್ಲಿ ಸಾಯುತ್ತದೆ

ಐದು ಹತ್ತು ನಿಮಿಷ ಚೆನ್ನಾಗಿ ಓಡಿ, ನಿಧಾನ ಸುಸ್ತಾಗಿ ನಿಂತು, ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಸ್ಟಾರ್ಟ್ ಆದರೆ ಟ್ಯಾಂಕಿನ ಗಾಳಿ ತೂತನ್ನು ಮೊದಲು ಹಿಡಿಯಿರಿ. ಪೆಟ್ರೋಲ್ ಹೊರಗೆ ಹೋದಷ್ಟೂ ಗಾಳಿ ಒಳಗೆ ಬರಬೇಕು. ಬರದಿದ್ದರೆ ಒಳಗೆ ಎಳೆತ ಹೆಚ್ಚಾಗಿ ಪೆಟ್ರೋಲ್ ಏರುವುದಿಲ್ಲ. ನಿಂತ ಕೂಡಲೇ ಮುಚ್ಚಳ ಸಡಿಲಿಸಿ. 'ಸುಯ್' ಎಂದು ಗಾಳಿ ಒಳಗೆ ಹೋದರೆ ಕಳ್ಳ ಸಿಕ್ಕಿದ. ಜೀಪಿನಲ್ಲಿ ತರುವಾಗ ಚೆಲ್ಲಬಾರದು ಅಂತ ತೂತಿನ ಸ್ಕ್ರೂ ಬಿಗಿದು ಆಮೇಲೆ ಮರೆಯುವುದು ಒಂದು ಕಾರಣ. ಇನ್ನೊಂದು ನಮ್ಮೂರಿನದ್ದೇ: ಮಣ್ಣಿನ ಗೂಡು ಕಟ್ಟುವ ಕಣಜ. ಕೊಟ್ಟಿಗೆಯಲ್ಲಿ ಕೆಲವು ದಿನ ಇಟ್ಟ ಮೋಟರಿನ ಸಣ್ಣ ಪೈಪುಗಳೆಂದರೆ ಅದಕ್ಕೆ ಬಾಡಿಗೆ ಇಲ್ಲದ ಮನೆ.

ತೂತು ಸರಿ ಇದ್ದರೆ ಪೈಪಿನಲ್ಲಿ ಗುಳ್ಳೆ ನೋಡಿ. ಸಣ್ಣ ಗುಳ್ಳೆ ಸಾಲಾಗಿ ಬರುತ್ತಿದ್ದರೆ ಎಲ್ಲೋ ಗಾಳಿ ಎಳೆಯುತ್ತಿದೆ. ಹೆಚ್ಚಾಗಿ ಪೈಪ್ ಗಟ್ಟಿಯಾಗಿ ಜಾಯಿಂಟಿನಲ್ಲಿ ಸಡಿಲವಾಗಿರುತ್ತದೆ. ಬೆರಳಲ್ಲಿ ಬಗ್ಗಿಸಿದಾಗ ಮೆತ್ತಗಿಲ್ಲದಿದ್ದರೆ ಪೈಪ್ ಪೂರ್ತಿ ಬದಲಿಸಿ. ಏಪ್ರಿಲ್, ಮೇ ಬಿಸಿಲಿನಲ್ಲಿ ಮೋಟರನ್ನು ಮರಳಿನ ಮೇಲೆ ಇಟ್ಟರೆ ಪೈಪಿನೊಳಗೇ ಪೆಟ್ರೋಲ್ ಆವಿಯಾಗಿ ಗುಳ್ಳೆ ಆಗುವುದೂ ಉಂಟು. ನೆರಳಿಗೆ ಹಾಕಿ ತಣಿಸಿ ಮತ್ತೆ ನೋಡಿದರೆ ವ್ಯತ್ಯಾಸ ತಿಳಿಯುತ್ತದೆ.

ಈಗ ಪೆಟ್ರೋಲ್ ವಿಷಯ. ಇದರ ಬಗ್ಗೆ ಸ್ವಲ್ಪ ಉದ್ದಕ್ಕೆ ಹೇಳಬೇಕು.

ಈಗ ಬಂಕಿನಲ್ಲಿ ಸಿಗುವ ಮಾಮೂಲು ಪೆಟ್ರೋಲಿನಲ್ಲಿ 20 ಶೇಕಡಾ ತನಕ ಎಥನಾಲ್ ಇರುತ್ತದೆ. ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ. ನಮ್ಮ ಕರಾವಳಿಯ ಗಾಳಿಯಲ್ಲಿ ನೀರಿಗೇನು ಕೊರತೆ? ಅರ್ಧ ತುಂಬಿದ ಕ್ಯಾನನ್ನು ವಾರಗಟ್ಟಲೆ ಇಟ್ಟರೆ ತೇವ ಸೇರುತ್ತದೆ. ನೀರು ಒಂದು ಮಿತಿ ದಾಟಿದರೆ ಎಥನಾಲ್ ಮತ್ತು ನೀರು ಒಟ್ಟಾಗಿ ಬೇರೆಯಾಗಿ ಅಡಿಗೆ ಕೂರುತ್ತವೆ. ಟ್ಯಾಂಕಿನ ಪೈಪ್ ಎಳೆಯುವುದು ಆ ಅಡಿಯಿಂದಲೇ. ಆ ಪದರದಲ್ಲಿ ಆಯಿಲ್ ಕೂಡ ಸರಿಯಾಗಿ ಬೆರೆತಿರುವುದಿಲ್ಲ.

ಎಷ್ಟು ಎಥನಾಲ್ ಇದೆ ಅಂತ ಮನೆಯಲ್ಲೇ ನೋಡಬಹುದು. ಅಳತೆ ಗೆರೆ ಇರುವ ಗಾಜಿನ ಪಾತ್ರೆಗೆ 10 ಮಿ.ಲೀ. ನೀರು, 100 ಮಿ.ಲೀ. ಪೆಟ್ರೋಲ್ ಹಾಕಿ, ಅಲುಗಾಡಿಸಿ, ಹತ್ತು ನಿಮಿಷ ಬಿಡಿ. ಆಯಿಲ್ ಹಾಕುವ ಮೊದಲೇ, ಬಯಲಿನಲ್ಲಿ, ಬೆಂಕಿಯಿಂದ ದೂರ ಮಾಡಿ. ಅಡಿಯ ಪದರ 10ರಲ್ಲೇ ನಿಂತರೆ ಎಥನಾಲ್ ಇಲ್ಲ. 30ರ ಹತ್ತಿರ ಬಂದರೆ 20 ಶೇಕಡಾ ಇದೆ ಅಂತ ಅರ್ಥ.

ಇದು ಎಂಜಿನ್ನಿಗೆ ಯಾಕೆ ಮುಖ್ಯ? 1 ಕೆ.ಜಿ. ಪೆಟ್ರೋಲ್ ಸರಿಯಾಗಿ ಉರಿಯಲು ಸುಮಾರು 14.7 ಕೆ.ಜಿ. ಗಾಳಿ ಬೇಕು. ಎಥನಾಲಿಗೆ 9 ಕೆ.ಜಿ. ಸಾಕು. ಕಾರು, ಹೊಸ ಬೈಕುಗಳಲ್ಲಿ ಕಂಪ್ಯೂಟರ್ ಅದನ್ನು ಸರಿದೂಗಿಸುತ್ತದೆ. ನಮ್ಮ ಕಾರ್ಬೊರೇಟರಿಗೆ ಅಷ್ಟು ಬುದ್ಧಿ ಇಲ್ಲ. ಎಥನಾಲ್ ಇಲ್ಲದ ಪೆಟ್ರೋಲಿಗೆ ಹೊಂದಿಸಿದ ಸ್ಕ್ರೂ ಹಾಗೇ ಇಟ್ಟು ಈ ಪೆಟ್ರೋಲ್ ಹಾಕಿದರೆ ಮಿಶ್ರಣ ತೆಳುವಾಗುತ್ತದೆ, ಅಂದರೆ ಗಾಳಿಯ ಲೆಕ್ಕಕ್ಕೆ ಪೆಟ್ರೋಲ್ ಸಾಲುವುದಿಲ್ಲ. ತೆಳು ಮಿಶ್ರಣ ಬಿಸಿ ಹೆಚ್ಚಿಸುತ್ತದೆ. ಟೂ-ಸ್ಟ್ರೋಕ್ ಪಿಸ್ಟನ್ ಸೀಜ್ ಆಗುವುದು, ಅಂದರೆ ಸಿಲಿಂಡರಿಗೆ ಕಚ್ಚಿಕೊಳ್ಳುವುದು, ಹೆಚ್ಚಾಗಿ ಇದೇ ದಾರಿಯಲ್ಲಿ.

ಆಯಿಲ್ ಅಳತೆ ಪುಸ್ತಕದ ಪ್ರಕಾರ. 2 ಶೇಕಡಾ ಅಂದರೆ 5 ಲೀಟರಿಗೆ 100 ಮಿ.ಲೀ., 2.5 ಶೇಕಡಾ ಅಂದರೆ 125 ಮಿ.ಲೀ. ಸ್ಪ್ರೇಯರಿಗೆ ಹಾಕುವ ಹಾಗೆ ಮುಚ್ಚಳದ ಅಂದಾಜು ಬೇಡ. 'ಆಯಿಲ್ ಸ್ವಲ್ಪ ಜಾಸ್ತಿ ಇದ್ದರೆ ಒಳ್ಳೆಯದೇ ಅಲ್ವಾ' ಅನ್ನುವ ಮಾತೂ ಪೂರ್ತಿ ಸರಿಯಲ್ಲ. ಆಯಿಲ್ ಹೆಚ್ಚಿದಷ್ಟೂ ಅದೇ ತೂತಿನಿಂದ ಹೋಗುವ ಪೆಟ್ರೋಲ್ ಕಡಿಮೆ, ಸೈಲೆನ್ಸರಿನಲ್ಲಿ ಕರಿ ಜಾಸ್ತಿ. ಬೆರೆಸಿದ ಪೆಟ್ರೋಲನ್ನು ಎರಡು ಮೂರು ವಾರದೊಳಗೆ ಮುಗಿಸಿ. ಉಳಿದದ್ದು ವೀಡ್ ಕಟ್ಟರಿಗೆ ಆಗುತ್ತದೆ, ಅದಕ್ಕೆ ಅಷ್ಟು ಮಡಿ ಇಲ್ಲ.

ಐಡ್ಲಿಂಗ್ ಸರಿ ಇದೆ, ಥ್ರಾಟಲ್ ಕೊಟ್ಟರೆ ಮುಕ್ಕುತ್ತದೆ

ಗಾಳಿ ಫಿಲ್ಟರ್ ಮೊದಲು ನೋಡಿ, ಮರಳು ಮತ್ತು ತೇವ ಸೇರಿ ಮುದ್ದೆಯಾಗಿರುತ್ತದೆ. ಆಮೇಲೆ ಟ್ಯಾಂಕಿನೊಳಗಿನ ಪೆಟ್ರೋಲ್ ಫಿಲ್ಟರ್. ಅದಾದ ಮೇಲೆ ಕಾರ್ಬೊರೇಟರ್.

ಪ್ಯಾರಾಮೋಟರ್‌ಗಳಲ್ಲಿ ಹೆಚ್ಚಾಗಿ ಇರುವುದು ವಾಲ್‌ಬ್ರೋ ಮಾದರಿಯ ಡಯಾಫ್ರಮ್ ಕಾರ್ಬೊರೇಟರ್. ತೋಟದ ಮೆಷಿನ್ನುಗಳಲ್ಲಿ ಇರುವುದರ ಅಣ್ಣ. ಒಂದು ಬದಿಯ ಮುಚ್ಚಳದ ಕೆಳಗೆ ಪಂಪಿನ ಪೊರೆ, ಅಲ್ಲೇ ಬೆರಳ ಉಗುರಿಗಿಂತ ಚಿಕ್ಕ ಜಾಲರಿ. ಇನ್ನೊಂದು ಬದಿಯಲ್ಲಿ ಅಳತೆಯ ಪೊರೆ. ಜಾಲರಿಯಲ್ಲಿ ಕಸ ಇದ್ದರೆ ಪೆಟ್ರೋಲ್ ಐಡ್ಲಿಂಗಿಗೆ ಸಾಲುತ್ತದೆ, ಥ್ರಾಟಲಿಗೆ ಸಾಲುವುದಿಲ್ಲ. ನಿಮ್ಮ ಲಕ್ಷಣವೂ ಅದೇ ಅಲ್ವಾ. ಅಳತೆಯ ಪೊರೆಯನ್ನು ಮೆಲ್ಲನೆ ಒತ್ತಿ ನೋಡಿ. ಮೆತ್ತಗೆ ಬಗ್ಗಬೇಕು. ಕರಕರ ಸದ್ದು ಬಂದರೆ ಅದರ ಆಯುಸ್ಸು ಮುಗಿದಿದೆ. ರಿಪೇರಿ ಕಿಟ್ ದುಬಾರಿ ಅಲ್ಲ. ಇಲ್ಲಿನ ಹವೆಗೆ ವರ್ಷಕ್ಕೊಮ್ಮೆ, ಮಳೆಗಾಲ ಮುಗಿದ ಕೂಡಲೇ ಬದಲಿಸುವುದು ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಬಿಚ್ಚುವಾಗ ಪೊರೆ, ಪ್ಯಾಕಿಂಗುಗಳ ಕ್ರಮವನ್ನು ಫೋನಿನಲ್ಲಿ ಫೋಟೊ ತೆಗೆದುಕೊಳ್ಳಿ. ತಿರುಗು ಮುರುಗು ಹಾಕಿದರೆ ಎಂಜಿನ್ ಓಡಬಹುದು, ಆದರೆ ಮಿಶ್ರಣ ಸುಳ್ಳಾಗುತ್ತದೆ.

ಸ್ಕ್ರೂ ತಿರುಗಿಸುವುದು ಇವೆಲ್ಲ ಆದ ಮೇಲೆ. ಮುಟ್ಟುವ ಮೊದಲು ಈಗ ಎಷ್ಟು ಸುತ್ತು ತೆರೆದಿದೆ ಅಂತ ಬರೆದಿಡಿ. ಹೊರಗೆ ತಿರುಗಿಸಿದರೆ ಪೆಟ್ರೋಲ್ ಜಾಸ್ತಿ, ಒಳಗೆ ತಿರುಗಿಸಿದರೆ ತೆಳು. ಒಂದು ಸಲಕ್ಕೆ ಎಂಟನೇ ಒಂದು ಸುತ್ತು, ಅಷ್ಟೇ. ಎಂಜಿನ್ ನಿಲ್ಲಿಸಿ ತಿರುಗಿಸಿ, ಮತ್ತೆ ಸ್ಟಾರ್ಟ್ ಮಾಡಿ ನೋಡಿ. ತಿರುಗುವ ಪ್ರೊಪೆಲ್ಲರ್ ಪಕ್ಕ ಸ್ಕ್ರೂ ಡ್ರೈವರ್ ಹಿಡಿಯಬೇಡಿ. ಫುಲ್ ಥ್ರಾಟಲಿನಲ್ಲಿ ಸದ್ದು ಚೂರು ಒರಟಾಗಿದ್ದರೆ ಪರವಾಗಿಲ್ಲ. ತೆಳು ಮಾಡುತ್ತ ಹೋದ ಹಾಗೆ ಸದ್ದು ಚುರುಕಾಗುತ್ತದೆ, ಕಿವಿಗೆ ಬಹಳ ಹಿತವಾಗಿ ಕೇಳುತ್ತದೆ. ಆ ಹಿತವಾದ ಸದ್ದೇ ಪಿಸ್ಟನ್ ತಿನ್ನುವ ಸದ್ದು.

ಥ್ರಾಟಲ್ ಬಿಟ್ಟರೂ ಸದ್ದು ಇಳಿಯುವುದಿಲ್ಲ

ಕೇಬಲ್ ಸಿಕ್ಕಿಕೊಂಡಿದೆಯೇ ಅಂತ ನೋಡಿ, ಅದು ಸುಲಭದ ಕಾರಣ. ಕೇಬಲ್ ಸರಿ ಇದ್ದೂ ಐಡ್ಲಿಂಗ್ ಮೇಲೆಯೇ ನಿಂತರೆ, ಅಥವಾ ಬಿಸಿಯಾದ ಮೇಲೆ ತಾನಾಗಿ ಏರಿದರೆ, ಕಾರ್ಬೊರೇಟರಿನ ಆಚೆ ಎಲ್ಲೋ ಹೊರಗಿನ ಗಾಳಿ ಸೇರುತ್ತಿದೆ. ಇನ್‌ಟೇಕ್ ರಬ್ಬರ್ ಬಿರುಕು, ಒಳಬರುವ ಮಿಶ್ರಣದ ಕವಾಟ ಇರುವ ರೀಡ್ ಬ್ಲಾಕಿನ ಪ್ಯಾಕಿಂಗ್, ಕ್ರ್ಯಾಂಕಿನ ಆಯಿಲ್ ಸೀಲ್, ಈ ಮೂರರಲ್ಲಿ ಒಂದು. ರಬ್ಬರನ್ನು ಬಗ್ಗಿಸಿ ಬಿರುಕು ಹುಡುಕಿ, ಕ್ಲಿಪ್ ಬಿಗಿ ಮಾಡಿ.

ಬೈಕ್ ಮೆಕ್ಯಾನಿಕ್‌ಗಳು ಓಡುವ ಎಂಜಿನ್ನಿಗೆ ಕ್ಲೀನರ್ ಸ್ಪ್ರೇ ಹೊಡೆದು ಲೀಕ್ ಹುಡುಕುವುದನ್ನು ನೀವು ನೋಡಿರಬಹುದು. ಇಲ್ಲಿ ಅದು ನಡೆಯುವುದಿಲ್ಲ. ಒಂದು ಕಡೆ ಬಿಸಿ ಸೈಲೆನ್ಸರ್, ಇನ್ನೊಂದು ಕಡೆ ಪ್ರೊಪೆಲ್ಲರ್. ಎಂಜಿನ್ ನಿಲ್ಲಿಸಿ, ಬಾಯಿಗಳನ್ನು ಮುಚ್ಚಿ, ಸಣ್ಣ ಒತ್ತಡದ ಗಾಳಿ ತುಂಬಿ, ಸೋಪಿನ ನೊರೆ ಹಚ್ಚಿ ನೋಡುವ ಪರೀಕ್ಷೆ ಇದೆ. ಅದನ್ನು ತಿಳಿದವರ ಕೈಯಲ್ಲಿ ಮಾಡಿಸಿ. ಈ ಲಕ್ಷಣ ಇರುವ ತನಕ ಹಾರಬೇಡಿ, ಸ್ಕ್ರೂ ತಿರುಗಿಸಿ ಐಡ್ಲಿಂಗ್ ಇಳಿಸಿ ಸಮಾಧಾನ ಪಡುವುದೂ ಬೇಡ. ಗಾಳಿ ಸೇರುವುದು ಅಂದರೆ ಮಿಶ್ರಣ ತೆಳುವಾಗುವುದು.

ಬಿಸಿ ಜಾಸ್ತಿ, ಎಳೆತ ಕಡಿಮೆ

ಸಿಲಿಂಡರಿನ ರೆಕ್ಕೆಗಳ ನಡುವೆ ಕಸ, ತಂಪು ಗಾಳಿಯ ಕವರಿನಲ್ಲಿ ಬಿರುಕು, ಸೈಲೆನ್ಸರ್ ಜಾಯಿಂಟಿನಲ್ಲಿ ಕಪ್ಪು ಎಣ್ಣೆಯ ಗೆರೆ, ಇವು ಕಣ್ಣಿಗೇ ಕಾಣುತ್ತವೆ. ಬೆಲ್ಟ್ ಇರುವ ಮಾದರಿಯಲ್ಲಿ ಸದ್ದು ಏರಿಯೂ ಎಳೆತ ಏರದಿದ್ದರೆ, ಕಪ್ಪು ಪುಡಿ ಬಿದ್ದಿದ್ದರೆ, ಬೆಲ್ಟ್ ಜಾರುತ್ತಿದೆ.

ಆಮೇಲೆ ಮತ್ತೆ ಪ್ಲಗ್. ಪೂರ್ತಿ ಥ್ರಾಟಲಿನಲ್ಲಿ ಸ್ವಲ್ಪ ಓಡಿಸಿ, ಐಡ್ಲಿಂಗಿಗೆ ತರದೆ ಅಲ್ಲೇ ಆಫ್ ಮಾಡಿ, ತಣಿದ ಮೇಲೆ ಬಿಚ್ಚಿ. ಕಂದು ಬಣ್ಣ ಒಳ್ಳೆಯದು. ಕಪ್ಪು ಮಸಿ, ಎಣ್ಣೆ ಪಸೆ ಇದ್ದರೆ ಪೆಟ್ರೋಲೋ ಆಯಿಲೋ ಜಾಸ್ತಿ, ಗಾಬರಿ ಬೇಡ. ಬೆಳ್ಳಗೆ ಸುಣ್ಣದಂತಿದ್ದರೆ ತೆಳು ಮಿಶ್ರಣ, ಹಾರಬೇಡಿ. ಬಿಳಿ ಭಾಗದ ಮೇಲೆ ಸಣ್ಣ ಹೊಳೆಯುವ ಲೋಹದ ಚುಕ್ಕೆ ಕಂಡರೆ ಪಿಸ್ಟನ್ ಕರಗಲು ಶುರುವಾಗಿದೆ. ಅಲ್ಲಿಗೆ ನಿಮ್ಮ ಕೆಲಸ ಮುಗಿಯಿತು, ಎಂಜಿನ್ ಬಿಚ್ಚಿಸಲೇಬೇಕು. ಸಂಶಯ ಇದ್ದರೆ ಸೈಲೆನ್ಸರ್ ಕಳಚಿ ಎಕ್ಸಾಸ್ಟ್ ತೂತಿನಿಂದ ಟಾರ್ಚ್ ಬಿಟ್ಟು ಪಿಸ್ಟನ್ ನೋಡಿ. ಬದಿ ನಯವಾಗಿರಬೇಕು. ಉದ್ದುದ್ದ ಗೀರು ಇದ್ದರೆ ಒಂದೋ ಸೀಜ್ ಆಗುತ್ತಿದೆ, ಇಲ್ಲವೇ ಮರಳು ಒಳಗೆ ಹೋಗಿದೆ.

ಮೈ ಜುಮ್ಮೆನ್ನುವ ನಡುಕ

ಹೊಸದಾಗಿ ಶುರುವಾದ ನಡುಕಕ್ಕೆ ಹತ್ತರಲ್ಲಿ ಹೆಚ್ಚು ಪಾಲು ಪ್ರೊಪೆಲ್ಲರೇ ಕಾರಣ. ಕಣ್ವತೀರ್ಥವೋ ಬೇಕಲದ ತೀರವೋ ಆದರೆ ಮರಳು, ಚಿಪ್ಪು ಎದ್ದು ಅಂಚನ್ನು ಕೊರೆಯುತ್ತದೆ. ಒಳನಾಡಿನ ಪದವುಗಳಲ್ಲಿ ಮುರಕಲ್ಲಿನ ಜಲ್ಲಿ ಅದಕ್ಕಿಂತ ಕೆಟ್ಟದ್ದು. ಅಂಚಿನ ಮೇಲೆ ಬೆರಳು ಓಡಿಸಿ. ಸಣ್ಣ ಕಚ್ಚು ತುಂಬಿಸಬಹುದು. ತುದಿಯ ಹತ್ತಿರ ಉದ್ದ ಬಿರುಕು, ಬುಡದಲ್ಲಿ ಯಾವುದೇ ಬಿರುಕು ಇದ್ದರೆ ಅದನ್ನು ಗೋಡೆಗೆ ಅಲಂಕಾರಕ್ಕೆ ಹಾಕಿ.

ಆಮೇಲೆ ಬೋಲ್ಟ್. ಮರದ ಪ್ರೊಪೆಲ್ಲರ್ ನಮ್ಮ ಮಳೆಗಾಲದಲ್ಲಿ ತೇವ ಕುಡಿದು ಉಬ್ಬುತ್ತದೆ, ಜನವರಿಯ ಒಣ ಗಾಳಿಗೆ ಕುಗ್ಗುತ್ತದೆ. ಕುಗ್ಗಿದಾಗ ಬೋಲ್ಟ್ ತಾನಾಗಿ ಸಡಿಲ. ಟಾರ್ಕ್ ರೆಂಚ್ ಹಿಡಿದು ಪುಸ್ತಕದ ಅಳತೆಗೆ ಬಿಗಿಯಿರಿ. ಕಳಚಿ ಇಡುವಾಗ ಮಲಗಿಸಿ ಇಡಿ. ನಿಲ್ಲಿಸಿ ಇಟ್ಟರೆ ತೇವ ಕೆಳಗಿನ ಎಲೆಗೆ ಇಳಿದು ಒಂದು ಬದಿ ಭಾರವಾಗುತ್ತದೆ.

ಪ್ಲಗ್ ಕ್ಯಾಪ್ ತೆಗೆದು ಕೈಯಲ್ಲಿ ತಿರುಗಿಸಿ, ಎರಡೂ ತುದಿ ಕೇಜಿನ ಒಂದೇ ಗುರುತಿನಿಂದ ಒಂದೇ ದೂರದಲ್ಲಿ ಹಾದುಹೋಗುತ್ತವೆಯೇ ನೋಡಿ. ಎಂಜಿನ್ ಕೂರಿಸಿದ ರಬ್ಬರ್ ಮೌಂಟುಗಳನ್ನು ಎಳೆದು ಬಗ್ಗಿಸಿ ಬಿರುಕು ಹುಡುಕಿ. ಸೈಲೆನ್ಸರಿನ ಸ್ಪ್ರಿಂಗ್, ಬ್ರಾಕೆಟ್ ಬಿಡಬೇಡಿ. ಅದರಲ್ಲಿ ಒಂದು ಕಳಚಿದರೆ ನೇರ ಹೋಗುವುದು ಪ್ರೊಪೆಲ್ಲರಿಗೆ. ಸ್ಪ್ರಿಂಗುಗಳಿಗೆ ಸುರಕ್ಷತೆಯ ತಂತಿ ಕಟ್ಟುವುದು ಅದಕ್ಕೇ.

ಕ್ಲಚ್ ಇರುವ ಮೋಟರಿನಲ್ಲಿ ಐಡ್ಲಿಂಗ್ ವೇಳೆ ಪ್ರೊಪೆಲ್ಲರ್ ತಿರುಗುತ್ತಿದ್ದರೆ ಐಡ್ಲಿಂಗ್ ಎತ್ತರ ಇದೆ, ಅಥವಾ ಕ್ಲಚ್ಚಿನ ಸ್ಪ್ರಿಂಗ್ ಹೋಗಿದೆ. ಮೊದಲನೆಯದು ನೀವು ನೋಡಿ, ಎರಡನೆಯದು ಗ್ಯಾರೇಜಿಗೆ.

ಸ್ವಿಚ್ ಒತ್ತಿದರೂ ನಿಲ್ಲುವುದಿಲ್ಲ

ಹೆಚ್ಚಿನ ಪ್ಯಾರಾಮೋಟರ್‌ಗಳಲ್ಲಿ ಕಿಲ್ ಸ್ವಿಚ್ ಒತ್ತಿದಾಗ ಇಗ್ನಿಷನ್ ಅರ್ಥ್ ಆಗಿ ಎಂಜಿನ್ ನಿಲ್ಲುತ್ತದೆ. ಅಂದರೆ ವೈರ್ ತುಂಡಾದರೆ, ಕನೆಕ್ಟರಿಗೆ ಉಪ್ಪು ಹಿಡಿದರೆ, ಎಂಜಿನ್ ಓಡುತ್ತಲೇ ಇರುತ್ತದೆ. ಹಾಗಾದಾಗ ಚೋಕ್ ಎಳೆಯಿರಿ, ಹೆಚ್ಚಾಗಿ ನಿಲ್ಲುತ್ತದೆ. ಚೋಕ್ ಬೆನ್ನ ಮೇಲಿದ್ದಾಗಲೂ ಕೈಗೆ ಸಿಗುತ್ತದೆಯೇ ಅಂತ ಎಂಜಿನ್ ಆಫ್ ಇರುವಾಗಲೇ ಅಭ್ಯಾಸ ಮಾಡಿಟ್ಟುಕೊಳ್ಳಿ. ಪೆಟ್ರೋಲ್ ಪೈಪ್ ಮಡಚಿ ಹಿಡಿದರೂ ನಿಲ್ಲುತ್ತದೆ, ಸ್ವಲ್ಪ ಹೊತ್ತು ಬೇಕು. ದಿನದ ಮೊದಲ ಸ್ಟಾರ್ಟ್ ಆದ ಕೂಡಲೇ ಒಮ್ಮೆ ಸ್ವಿಚ್ ಒತ್ತಿ ನಿಲ್ಲಿಸಿ ನೋಡುವುದು ಒಳ್ಳೆಯ ರೂಢಿ. ಅದಕ್ಕೆ ಒಂದು ಹಗ್ಗದ ಎಳೆತ ಮಾತ್ರ ಖರ್ಚು.

ಮೇಲೆ ಇರುವಾಗ ಸದ್ದು ಬದಲಾದರೆ

ಸದ್ದು ಚುರುಕಾಗಿ, ಬಿಸಿ ಏರಿ, ಎಂಜಿನ್ ಬಿಗಿ ಹಿಡಿದಂತೆ ನಿಧಾನವಾದರೆ ಸೀಜ್ ಹತ್ತಿರ ಇದೆ. ಥ್ರಾಟಲ್ ಇಳಿಸಿ, ಇಳಿಯುವ ಜಾಗದತ್ತ ತಿರುಗಿ. ಹೊಸ ನಡುಕ ಬಂದರೆ ಕೂಡಲೇ ಆಫ್ ಮಾಡಿ. ಎಂಜಿನ್ ಇಲ್ಲದೆಯೂ ರೆಕ್ಕೆ ಹಾರುತ್ತದೆ, ಮುರಿದ ಪ್ರೊಪೆಲ್ಲರ್ ಕೇಜನ್ನು ಒಡೆದು ರೆಕ್ಕೆಯ ಹಗ್ಗ ಕತ್ತರಿಸಿದರೆ ಹಾಗಲ್ಲ.

ನಮ್ಮ ತೀರದಲ್ಲಿ ಇಳಿಯುವ ಜಾಗವೇ ದೊಡ್ಡ ಸಮಸ್ಯೆ. ಮರಳಿನ ಪಟ್ಟಿ ಕಿರಿದು. ಅದರ ಹಿಂದೆ ತೆಂಗಿನ ತೋಟ, ಮನೆಗಳು, ಮೇಲೆ ಕರೆಂಟ್ ತಂತಿ ಇರುವ ರೈಲು ಹಳಿ, ಹೆದ್ದಾರಿ. ಇನ್ನೊಂದು ಬದಿ ಕಡಲು. ಬೆನ್ನಿಗೆ ಮೋಟರ್ ಕಟ್ಟಿಕೊಂಡು ನೀರಿಗೆ ಬಿದ್ದರೆ ಈಜು ಬರುವವನೂ ಮುಳುಗುತ್ತಾನೆ. ಆದ್ದರಿಂದ ಎಂಜಿನ್ ಆ ಕ್ಷಣವೇ ನಿಂತರೂ ಮರಳು ತಲುಪುವಷ್ಟು ಹತ್ತಿರ ಇರಬೇಕು. ಗಾಳಿ ಇಲ್ಲದಾಗ 150 ಮೀಟರ್ ಎತ್ತರದಿಂದ ಹೆಚ್ಚಿನ ರೆಕ್ಕೆಗಳು ಸುಮಾರು 1 ಕಿ.ಮೀ. ತೇಲುತ್ತವೆ. ಆದರೆ ಬೆಳಿಗ್ಗೆ ಇಲ್ಲಿ ಗಾಳಿ ನೆಲದಿಂದ ಕಡಲಿಗೆ ಬೀಸುತ್ತದೆ. ಕಡಲ ಮೇಲಿಂದ ವಾಪಸ್ ಬರುವಾಗ ಅದು ಎದುರುಗಾಳಿ. ಗಂಟೆಗೆ 15 ಕಿ.ಮೀ. ಗಾಳಿ ಇದ್ದರೆ ಆ 1 ಕಿ.ಮೀ. 600 ಮೀಟರ್ ಆಗುತ್ತದೆ. ತಾನಾಗಿ ಉಬ್ಬುವ ತೇಲು ಸಾಧನ ಹಾಕಿಕೊಳ್ಳಿ, ಆದರೆ ಅದನ್ನು ನಂಬಿ ದೂರ ಹೋಗಬೇಡಿ. ನೀರೇ ಗತಿ ಅಂತ ಖಚಿತವಾದರೆ ಎದೆಯ, ಕಾಲಿನ ಬಕಲ್ ಯಾವಾಗ ಬಿಡಿಸಬೇಕು ಅನ್ನುವುದನ್ನು ತರಬೇತಿಯಲ್ಲೇ ಕಲಿತಿರಬೇಕು. ಅದು ಓದಿ ಬರುವ ವಿದ್ಯೆ ಅಲ್ಲ.

ಎಂಜಿನ್ ಮತ್ತೆ ಸ್ಟಾರ್ಟ್ ಮಾಡುವ ಆಸೆ ಬರುತ್ತದೆ. ಎತ್ತರ ಇದ್ದು, ಇಳಿಯುವ ಜಾಗ ಖಚಿತವಾಗಿದ್ದರೆ ಒಂದು ಸಲ ನೋಡಿ. ತಗ್ಗಿನಲ್ಲಿದ್ದರೆ ಬೇಡ, ಎರಡೂ ಕೈ ರೆಕ್ಕೆಯನ್ನು ಹಿಡಿತದಲ್ಲಿಡುವ ಬ್ರೇಕ್ ಹಗ್ಗದಲ್ಲಿರಲಿ.

ಅನುಮತಿಯ ಮಾತು ಇಲ್ಲೇ ಸೇರಿಸುತ್ತೇನೆ. ನಮಗೆ ಉತ್ತರಕ್ಕೆ ಮಂಗಳೂರು ವಿಮಾನ ನಿಲ್ದಾಣ, ದಕ್ಷಿಣಕ್ಕೆ ಏಳಿಮಲೆಯ ನೌಕಾ ಅಕಾಡೆಮಿ, ಅದರಾಚೆ 2018ರಲ್ಲಿ ತೆರೆದ ಕಣ್ಣೂರು ವಿಮಾನ ನಿಲ್ದಾಣ. ನಡುವಿನ ಆಕಾಶ ಖಾಲಿ ಕಂಡರೂ ಕೇಳದೆ ಏರುವಂತಿಲ್ಲ. ಪರೀಕ್ಷೆಯ ಹಾರಾಟಕ್ಕೂ ಇದೇ ನಿಯಮ.

ಮಳೆಗಾಲ ಕಳೆದು ಮೊದಲ ಸಲ ತೆಗೆದಾಗ

ಜೂನಿನಿಂದ ಸೆಪ್ಟೆಂಬರ್ ತನಕ ಮೋಟರ್ ಮೂಲೆಯಲ್ಲಿ. ಅಕ್ಟೋಬರಿನಲ್ಲಿ ಕಾಣುವ ಲಕ್ಷಣಗಳು ಹೆಚ್ಚಾಗಿ ಇಟ್ಟ ರೀತಿಯಿಂದ ಬಂದವು. ಹಗ್ಗ ಬಿಗಿ, ಒಳಗೆ ಕೊರಕೊರ ಸದ್ದು ಇದ್ದರೆ ಬೇರಿಂಗಿಗೆ ತುಕ್ಕು. ಬಲ ಹಾಕಿ ಎಳೆಯಬೇಡಿ, ಗ್ಯಾರೇಜಿಗೆ ಒಯ್ಯಿರಿ. ಅಲ್ಯೂಮಿನಿಯಂ ಮೇಲೆ ಬಿಳಿ ಪುಡಿ ಇದ್ದರೆ ಉಪ್ಪು. ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಿಸಿ, ಕನೆಕ್ಟರುಗಳನ್ನು ಒಂದೊಂದಾಗಿ ಕಳಚಿ ಸ್ವಚ್ಛ ಮಾಡಿ.

ಒಂದು ವಿಷಯ ತೋಟದವರಿಗೆ ಮಾತ್ರ ಹೇಳಬೇಕಾದದ್ದು. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಮಾಡುವ ಮೈಲುತುತ್ತು ಇಟ್ಟ ಶೆಡ್ಡಿನಲ್ಲಿ ಮೋಟರ್ ಇಡಬೇಡಿ. ತಾಮ್ರದ ಆ ಉಪ್ಪು ತೇವದ ಜೊತೆ ಅಲ್ಯೂಮಿನಿಯಂ ಮೇಲೆ ಕೂತರೆ ಲೋಹವನ್ನು ತೂತು ತೂತಾಗಿ ತಿನ್ನುತ್ತದೆ. ಕಾರ್ಬೊರೇಟರ್, ಕ್ರ್ಯಾಂಕ್ ಕೇಸ್, ಫ್ರೇಮ್ ಎಲ್ಲ ಅಲ್ಯೂಮಿನಿಯಮ್ಮೇ. ಮದ್ದು ಬಿಟ್ಟು ಬಂದ ಕೈಯಲ್ಲಿ, ಅದೇ ಅಳತೆ ಪಾತ್ರೆಯಲ್ಲಿ, ಇದರ ಕೆಲಸ ಮಾಡುವುದೂ ಬೇಡ.

ಇಡುವಾಗ ಟ್ಯಾಂಕ್ ಖಾಲಿ ಮಾಡಿ, ಕಾರ್ಬೊರೇಟರಿನಲ್ಲಿ ಉಳಿದದ್ದು ಮುಗಿದು ಎಂಜಿನ್ ತಾನಾಗಿ ನಿಲ್ಲುವ ತನಕ ಐಡ್ಲಿಂಗಿನಲ್ಲೇ ಓಡಿಸಿ. ತಣಿದ ಮೇಲೆ ಪ್ಲಗ್ ತೂತಿನಿಂದ ಒಂದು ಚಮಚ ಪೆಟ್ರೋಲಿಗೆ ಬೆರೆಸುವ ಅದೇ ಟೂ-ಟಿ ಆಯಿಲ್ ಹಾಕಿ ಮೆಲ್ಲನೆ ನಾಲ್ಕು ಸಲ ತಿರುಗಿಸಿ. ಬಾಯಿಗಳಿಗೆಲ್ಲ ಬಟ್ಟೆ ತುರುಕಿ. ಕಣಜ ಮತ್ತೆ ನೆನಪಿರಲಿ.

ಹಗ್ಗ ಸಲೀಸಾಗಿ ಬರುತ್ತಿದೆ

ಎಳೆಯಲು ಸುಲಭವಾಯಿತು ಅಂತ ಖುಷಿ ಪಡಬೇಡಿ. ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗಿನ ಒತ್ತಡ, ಹೋಗಿದೆ ಅಂತ ಅರ್ಥ. ಪ್ಲಗ್ ಬಿಗಿ ಇದೆಯೇ, ಸಿಲಿಂಡರ್ ಹೆಡ್ಡಿನ ಸುತ್ತ ಎಣ್ಣೆ ಜಿನುಗಿದೆಯೇ ಅಂತ ನೋಡುವ ತನಕ ನಿಮ್ಮ ಪಾಲು. ಅದರಾಚೆ ರಿಂಗ್, ಪಿಸ್ಟನ್, ಸಿಲಿಂಡರ್.

ಇಲ್ಲಿ ಒಂದು ಗೆರೆ ಎಳೆಯಬೇಕು. ಊರಿನ ವೀಡ್ ಕಟ್ಟರ್ ಮೆಕ್ಯಾನಿಕ್ ಕೈಯಲ್ಲಿ ಪ್ಲಗ್, ಪೈಪ್, ಪೊರೆ, ಜಾಲರಿ, ಸ್ಟಾರ್ಟರಿನ ಹಗ್ಗ ಧೈರ್ಯವಾಗಿ ಮಾಡಿಸಬಹುದು. ಅವರ ಕೈ ನಮಗಿಂತ ಪಳಗಿದ್ದು. ಮಿಶ್ರಣ ಹೊಂದಿಸುವುದು, ಪಿಸ್ಟನ್ ಬದಲಿಸುವುದು, ಸೀಲ್, ಬೇರಿಂಗ್, ಗೇರ್ ಬಾಕ್ಸ್, ಫ್ರೇಮಿನ ವೆಲ್ಡಿಂಗ್ ಇವೆಲ್ಲ ಪ್ಯಾರಾಮೋಟರ್ ಎಂಜಿನ್ ಗೊತ್ತಿರುವವರಿಗೇ ಕೊಡಿ. ಒಯ್ಯುವಾಗ ಹಳೆಯ ಪ್ಲಗ್, ಬಳಸಿದ ಪೆಟ್ರೋಲಿನ ಒಂದು ಬಾಟಲಿ, ಎಷ್ಟು ಗಂಟೆ ಓಡಿದೆ ಅನ್ನುವ ಲೆಕ್ಕ, ದೋಷ ಬಂದಾಗ ಎಂಜಿನ್ ತಣ್ಣಗಿತ್ತೋ ಬಿಸಿಯಿತ್ತೋ ಅನ್ನುವ ಮಾಹಿತಿ ಜೊತೆಗಿರಲಿ. ವಾಪಸ್ ಬಂದ ಮೇಲೆ ಮೊದಲು ಮರಕ್ಕೆ ಕಟ್ಟಿ ಒಂದು ಟ್ಯಾಂಕ್ ಓಡಿಸಿ. ಹೊಸ ಪಿಸ್ಟನ್ ಆದರೆ ಪುಸ್ತಕದಲ್ಲಿ ಹೇಳಿದ ರನ್ನಿಂಗ್-ಇನ್ ಪೂರ್ತಿ ನೆಲದ ಮೇಲೆಯೇ ಮುಗಿಸಿ, ಪ್ಲಗ್ಗಿನ ಬಣ್ಣ ನೋಡಿ, ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿದು, ಆಮೇಲೆ ರೆಕ್ಕೆ ಬಿಡಿಸಿ.